ಒಳಗೆ ಕೂರದ ತೋಟಾ

ಲಂಡನ್ನಿನ ಇಲ್ಫರ್ಡಿನಲ್ಲಿ ಒಂದು ಶಾಲೆಯ ಹಾಲ್‌ನಲ್ಲಿ ಯುಗಾದಿ ಊಟ ನಡೆದಿತ್ತು. ಹೋಳಿಗೆ ಬಡಿಸುವ ಸಾಲಿನಲ್ಲಿ ನಾನು ತಟ್ಟೆ ಹಿಡಿದು ನಿಂತಿದ್ದೆ. ಹಿಂದಿನ ಮೇಜಿನಿಂದ ಮೊದಲು ನಗು ಕೇಳಿಸಿತು, ಆಮೇಲೆ ನನ್ನ ಮಾತು ಕೇಳಿಸಿತು. ನನ್ನ ಮಾತು ಅಂದರೆ, ನಾನು ಮಾತಾಡುವ ಧಾಟಿಯನ್ನು ಯಾರೋ ಎಳೆದೆಳೆದು ಆಡುತ್ತಿದ್ದರು.

"ಗುಂಡು ಸಿಕ್ಕೊಂಡೈತ್ರೀ, ಏನ್ ಮಾಡ್ಲಿರೀ ಈಗಾ?"

ಮತ್ತೆ ನಗು. ತಿರುಗಿ ನೋಡಿದರೆ ಮೂಳೆ ಡಾಕ್ಟರ್. ಮೈಸೂರಿನವರು, ನನ್ನ ಗಂಡನ ಕಾಲೇಜು ದಿನಗಳ ಗೆಳೆಯ, ಎಜ್‌ವೇರ್‌ನಲ್ಲಿ ಫ್ಲ್ಯಾಟ್ ಮಾಡಿಕೊಂಡಿದ್ದಾರೆ. ನಾನು ಧಾರವಾಡದವಳು. ನಮ್ಮ ಮನೆಯ ಮಾತಿನಲ್ಲಿ 'ಐತ್ರೀ' ಇಲ್ಲ, 'ಅದರೀ' ಅನ್ನುತ್ತೇವೆ. ಅಣಕಿಸುವುದಾದರೂ ಸರಿಯಾಗಿ ಬರಬೇಕಲ್ಲ. ಅದೂ ಹೋಗಲಿ, ಶೂಟಿಂಗ್ ಕ್ಲಬ್ಬಿನಲ್ಲಿ ಹಿಂದಿನ ಭಾನುವಾರ ನನ್ನ ಬಂದೂಕಿನಲ್ಲಿ ಗುಂಡು ಸಿಕ್ಕಿಕೊಂಡಾಗ ನಾನು ಬಾಯಿಯನ್ನೇ ಬಿಟ್ಟಿರಲಿಲ್ಲ. ನಿಯಮದ ಪ್ರಕಾರ ಕೈ ಎತ್ತಿ ನಿಂತಿದ್ದೆ, ಅಷ್ಟೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ನನ್ನನ್ನು ನೋಡಿದ ಮೇಲೂ ಅವರು ನಿಲ್ಲಿಸಲಿಲ್ಲ. ಮೇಜಿನವರ ಕಡೆ ಬಾಗಿ, "ಒಂದು ಗುಂಡು ನೆಟ್ಟಗೆ ಮಾಡೋಕೆ ಬರದ ನಮ್ಮ ಅತ್ತಿಗೆ ದಿನಾ ಆಸ್ಪತ್ರೇಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ರಿಪೋರ್ಟ್ ಬರೆಯೋರು. ನೆನೆಸಿಕೊಂಡ್ರೆ ನಂಗೆ ನಿದ್ದೆ ಬರಲ್ಲ" ಅಂದರು.

ನಾನು ಪೆಥಾಲಜಿಸ್ಟ್. ಆ ಮೇಜಿನಲ್ಲಿ ನನ್ನದೇ ಆಸ್ಪತ್ರೆಯ ಇಬ್ಬರು ಡಾಕ್ಟರುಗಳಿದ್ದರು. ಅವರೂ ನಕ್ಕರು. ಕನ್ನಡ ಅರ್ಧ ತಿಳಿಯುವ ನನ್ನ ಮಗಳು ಪಕ್ಕದಲ್ಲೇ ಕೂತಿದ್ದಳು, ಅವಳೂ ನಕ್ಕಳು. ಇಷ್ಟು ವರ್ಷ ಸೂಕ್ಷ್ಮದರ್ಶಕದ ಮುಂದೆ ಬೆನ್ನು ಬಗ್ಗಿಸಿ ನಾನು ಗಳಿಸಿದ್ದ ಹೆಸರನ್ನು ಆ ಮನುಷ್ಯ ಕೋಸಂಬರಿ ಮೆಲ್ಲುತ್ತಾ ಹರಾಜಿಗಿಟ್ಟಿದ್ದ.

ನಾನು ಹೋಳಿಗೆ ಹಾಕಿಸಿಕೊಂಡೆ, ತುಪ್ಪವನ್ನೂ ಹಾಕಿಸಿಕೊಂಡೆ. ಅವರ ಎದುರಿನ ಖಾಲಿ ಕುರ್ಚಿಯಲ್ಲಿ ಕೂತು ಪೂರ್ತಿ ತಿಂದೆ. ತಿನ್ನುವಷ್ಟು ಹೊತ್ತೂ ಅವರ ಮುಖವನ್ನೇ ನೋಡುತ್ತಿದ್ದೆ. ಇವರನ್ನು ಬಿಡಬಾರದು ಅಂತ ಅಲ್ಲೇ ತೀರ್ಮಾನಿಸಿದೆ.

ಬಂದೂಕು ನನಗೆ ಹೊಸದಲ್ಲ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದೆ. ಮರಳಿನ ಚೀಲದ ಮೇಲೆ ಮೊಣಕೈ ಊರಿ ಮಲಗಿ, ಉಸಿರು ಅರ್ಧ ಬಿಟ್ಟು ಹಿಡಿದು, ಕುದುರೆ, ಅಂದರೆ ಟ್ರಿಗರ್, ಒತ್ತುವ ಆ ಕ್ಷಣದ ರುಚಿ ಆಗಲೇ ಹತ್ತಿತ್ತು. ಲಂಡನ್ನಿಗೆ ಬಂದು ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಊರಿನ ಪೂರ್ವದ ಅಂಚಿನಲ್ಲಿರುವ ಒಂದು ಕ್ಲಬ್ಬಿಗೆ ಸೇರಿದೆ. ಪೊಲೀಸರು ಮನೆಗೆ ಬಂದು ಬಂದೂಕಿಡುವ ಕಬ್ಬಿಣದ ಪೆಟ್ಟಿಗೆ ನೋಡಿ, ನಮ್ಮ ಬಡಾವಣೆಯ ಡಾಕ್ಟರ್ ಹತ್ತಿರ ನನ್ನ ತಲೆ ನೆಟ್ಟಗಿದೆಯೇ ಎಂದು ಕೇಳಿ ಲೈಸೆನ್ಸ್ ಕೊಟ್ಟರು. ಮೂಳೆ ಡಾಕ್ಟರ್ ನನಗಿಂತ ಮೊದಲೇ ಆ ಕ್ಲಬ್ಬಿನಲ್ಲಿದ್ದರು. ಸದಸ್ಯರು ತರುವ ಗುಂಡುಗಳ ಮೇಲೆ ಕಣ್ಣಿಡುವ ಜವಾಬ್ದಾರಿ ಅವರದಾಗಿತ್ತು.

ಪಿಸ್ತೂಲು ಇಟ್ಟುಕೊಳ್ಳಲು ಈ ದೇಶದಲ್ಲಿ ನಮ್ಮಂಥವರಿಗೆ ಅನುಮತಿ ಇಲ್ಲ. ಹಾಗಾಗಿ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿಗೆಂದೇ ಮಾಡಿದ ಒಂಬತ್ತು ಮಿಲಿಮೀಟರ್ ತೋಟಾವನ್ನು ನಾವು ಉದ್ದ ನಳಿಗೆಯ ಬಂದೂಕಿನಲ್ಲಿ ಹಾಕಿ ಹೊಡೆಯುತ್ತೇವೆ. ಪಿಸ್ತೂಲಿನ ಹಾಗೆ ಅದು ಮುಂದಿನ ತೋಟಾವನ್ನು ತಾನೇ ಎಳೆದುಕೊಳ್ಳುವುದಿಲ್ಲ. ಪ್ರತಿ ಸಲವೂ ಪಕ್ಕದ ಹಿಡಿಯನ್ನು ಕೈಯಿಂದ ಹಿಂದಕ್ಕೆಳೆದು ಬಿಡಬೇಕು. ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಯನ್ನು ಆರಿಸಿ ತಂದು, ತೊಳೆದು, ಹೊಸ ಮದ್ದು, ಹೊಸ ಗುಂಡು ಕೂರಿಸಿದರೆ ಅದೇ ಮತ್ತೆ ತೋಟಾ. ಈ ಕೆಲಸವನ್ನು ನಾನು ಮನೆಯ ಹಿಂದಿನ ಷೆಡ್‌ನಲ್ಲಿ ಮಾಡುತ್ತಿದ್ದೆ. ಬೆಂಚಿಗೆ ಬಿಗಿದ, ತೋಟಾ ಒತ್ತುವ ಪ್ರೆಸ್, ಅದರ ಉದ್ದನೆಯ ಕೈಹಿಡಿ, ಚಿಕ್ಕ ತಕ್ಕಡಿ, ಒಂದು ಹೀಟರ್. ವಾರವಿಡೀ ಬೇರೆಯವರ ಗಂಟು, ಗಡ್ಡೆ ನೋಡಿದ ಕಣ್ಣಿಗೆ ಶನಿವಾರ ಮಧ್ಯಾಹ್ನ ಅಲ್ಲಿ ಕೂತರೆ ತಂಪಾಗುತ್ತಿತ್ತು.

ಮೂಳೆ ಡಾಕ್ಟರ್ ಹೆಂಡತಿ ಮದ್ದಿನ ಡಬ್ಬಿಯನ್ನು ಫ್ಲ್ಯಾಟ್ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ಯುಗಾದಿಗೆ ಮುಂಚಿನ ಚಳಿಗಾಲದಲ್ಲಿ ಅವರು ತಮ್ಮ ಸಾಮಾನು ಹೊತ್ತುಕೊಂಡು ನಮ್ಮ ಷೆಡ್‌ಗೆ ಬಂದರು. ಒಂದೆರಡು ಶನಿವಾರ ನಾನು ಆಸ್ಪತ್ರೆಯ ಪಾಳಿಯಲ್ಲಿದ್ದಾಗ ಅವರೊಬ್ಬರೇ ಕೂತು ರಾಶಿ ತೋಟಾ ಮಾಡಿಕೊಂಡು ಹೋದರು. ನನ್ನ ಗಂಡ ಅವರಿಗೆ ಚಹಾ ಮಾಡಿಕೊಟ್ಟು, ಮಂಡಕ್ಕಿ ಹುರಿದು ಕೊಟ್ಟು ಉಪಚಾರ ಮಾಡಿದ್ದರು.

ಅದಾದ ಮೇಲೆ ನಾನು ಮಾಡಿದ ತೋಟಾವೇ ಮಾರ್ಚಿನ ಸ್ಪರ್ಧೆಯಲ್ಲಿ ಸಿಕ್ಕಿಕೊಂಡದ್ದು. ಅರ್ಧ ಒಳಗೆ ಹೋಗಿ ನಿಂತಿತು. ಹಿಡಿ ಮುಂದೆ ಹೋಗಲೊಲ್ಲದು, ಹಿಂದೆ ಬರಲೊಲ್ಲದು. ನಾನು ಕೈ ಎತ್ತಿದೆ, ಇಡೀ ಸಾಲು ಗುಂಡು ನಿಲ್ಲಿಸಿತು. ಮೂಳೆ ಡಾಕ್ಟರ್ ಬಂದು, ಎರಡೂ ಕೈಯಿಂದ ಹಿಡಿ ಎಳೆದು ಆ ತೋಟಾ ಹೊರತೆಗೆದು, ಬೆರಳಲ್ಲಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಅಡುಗೆಮನೆಯಲ್ಲಿ ಅಂದಾಜಿಗೆ ಉಪ್ಪು ಹಾಕಿದ ಹಾಗೆ ಇದನ್ನು ಮಾಡಲಾಗದು, ಎಷ್ಟು ಸಲ ಹೇಳಿದರೂ ಇವರು ಕೇಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಒಂದು ಸಲವೂ ಹೇಳಿರಲಿಲ್ಲ. ಅದೇ ವಾರ ಸಮಿತಿ ನನಗೆ ಷರತ್ತು ಹಾಕಿತು. ನಾನು ಮನೆಯಲ್ಲಿ ಮಾಡಿದ ತೋಟಾ ತರಕೂಡದು, ತಂದರೆ ಮೂಳೆ ಡಾಕ್ಟರ್ ಪರೀಕ್ಷಿಸಿ ಸರಿ ಅನ್ನಬೇಕು. ಆ ವಾರದ ಕೊನೆಗೇ ಯುಗಾದಿ ಊಟ.

ಊಟದಿಂದ ಬಂದ ಮರುದಿನ ನಾನು ಷೆಡ್ಡಿಗೆ ಹೋಗಿ ಉಳಿದ ತೋಟಾಗಳನ್ನೆಲ್ಲ ಬೆಂಚಿನ ಮೇಲೆ ಸುರಿದೆ. ನನಗೆ ಎರಡು ಸಂಗತಿ ಬೇಕಿತ್ತು. ತಪ್ಪು ಎಲ್ಲಿದೆ, ತಪ್ಪು ಯಾರದು.

ಬಂದೂಕಿನ ಮೇಲ್ಭಾಗ ಬಿಚ್ಚಿ, ನಳಿಗೆಯನ್ನು ಕೆಳಮುಖ ಮಾಡಿ ಹಿಡಿದು, ಅದರ ಹಿಂತುದಿಯ ಗೂಡಿಗೆ ಒಂದೊಂದೇ ತೋಟಾ ಬೀಳಬಿಟ್ಟೆ. ಸರಿಯಾದ ತೋಟಾ ಟಕ್ಕೆಂದು ಬಿದ್ದು ಕೂರುತ್ತದೆ, ತಿರುಗಿಸಿದರೆ ಅಷ್ಟೇ ಸಲೀಸಾಗಿ ಹೊರಗೆ ಬೀಳುತ್ತದೆ. ಇವುಗಳಲ್ಲಿ ಎಷ್ಟೋ ಬಂದು ತಡೆದು ನಿಂತವು. ಗುಂಡು ಹೆಚ್ಚು ಉದ್ದಕ್ಕೆ ಕೂತಿರಬಹುದು ಅಂತ ಮೊದಲು ಅಳೆದೆ. ಉದ್ದ ಸರಿಯಿತ್ತು. ಗುಂಡು ಕೂರಿಸಲು ಕೊಳವೆಯ ಬಾಯಿಯನ್ನು ತುಸು ಅಗಲಿಸುತ್ತೇವೆ, ಅದನ್ನು ಮತ್ತೆ ಪೂರ್ತಿ ಮುಚ್ಚಿಲ್ಲವೇನೋ ಎಂದು ನೋಡಿದೆ. ಅದೂ ಸರಿಯಿತ್ತು. ಆಮೇಲೆ ಕಪ್ಪು ಮಾರ್ಕರ್ ಪೆನ್ನಿನಿಂದ ಒಂದು ತೋಟಾಕ್ಕೆ ಮೈತುಂಬ ಬಣ್ಣ ಬಳಿದು, ಒಣಗಿಸಿ, ಗೂಡಿಗೆ ಹಾಕಿ ತಿರುವಿ ತೆಗೆದೆ. ಎಲ್ಲಿ ತಾಗುತ್ತದೋ ಅಲ್ಲಿ ಬಣ್ಣ ಕೀಳುತ್ತದೆ. ಬಣ್ಣ ಹಾಕಿ ನೋಡುವುದೇ ನನ್ನ ಉದ್ಯೋಗ. ಬುಡದ ಹತ್ತಿರ ಒಂದು ಸುತ್ತು ಹಿತ್ತಾಳೆ ಹೊಳೆಯುತ್ತಿತ್ತು.

ಬುಡದಲ್ಲಿ ದಪ್ಪ ಅಂದರೆ ಕಾರಣ ಒಂದೇ. ಸಿಡಿದಾಗ ಕೊಳವೆ ಉಬ್ಬುತ್ತದೆ. ಅದನ್ನು ಅಮುಕಿ ಮೊದಲಿನ ಅಳತೆಗೆ ತರುವ ಉಕ್ಕಿನ ಅಚ್ಚು ಪ್ರೆಸ್ಸಿನ ತಲೆಯಲ್ಲಿರುತ್ತದೆ, ಡೈ ಅನ್ನುತ್ತೇವೆ. ಆ ಡೈ ಪೂರ್ತಿ ಕೆಳಗಿಳಿದಿರದಿದ್ದರೆ ಬುಡ ಉಬ್ಬಿದಂತೆಯೇ ಉಳಿಯುತ್ತದೆ. ನಾನು ಡೈಯನ್ನು ಕೂರಿಸಿದ ದಿನವೇ ಅದರ ಮೇಲೂ ಅದರ ನಟ್ಟಿನ ಮೇಲೂ ಪ್ರೆಸ್ಸಿನ ಮೈಮೇಲೂ ಸೇರಿಸಿ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆದಿದ್ದೆ. ಯಾವುದೂ ಅಲುಗಾಡಿಲ್ಲ ಎಂದು ತಿಳಿಯಲು ಅದೊಂದು ಗುರುತು. ಗೆರೆ ತುಂಡಾಗಿತ್ತು. ಡೈ ಬೆರಳಗಲ ತಿರುಗಿ ಮೇಲೆದ್ದು, ಅಲ್ಲೇ ಮತ್ತೆ ಬಿಗಿಯಲ್ಪಟ್ಟಿತ್ತು. ಅದನ್ನು ನೋಡದೆ ನಾನು ಕೆಲಸ ಮಾಡಿಕೊಂಡು ಹೋಗಿದ್ದೆ.

ಆ ಪ್ರೆಸ್ ಮುಟ್ಟಿದವರು ನಾನು, ಬಿಟ್ಟರೆ ಅವರು. ನನ್ನ ಗಂಡ ಷೆಡ್ಡಿಗೆ ಬರುವುದೇ ಚಹಾದ ಕಪ್ಪು ಇಡಲಿಕ್ಕೆ.

ಆದರೂ ಅನುಮಾನದ ಮೇಲೆ ರಿಪೋರ್ಟ್ ಬರೆಯುವವಳು ನಾನಲ್ಲ. ಕಾದೆ. ಮೇ ತಿಂಗಳ ಒಂದು ಬೆಳಿಗ್ಗೆ ಕ್ಲಬ್ಬಿನ ಚಹಾದ ಗುಡಿಸಿಲಲ್ಲಿ ಹಾಲು ಹಾಕಿಕೊಳ್ಳುತ್ತಿದ್ದೆ. ಮೂಳೆ ಡಾಕ್ಟರ್ ನನಗೆ ಬೆನ್ನು ಹಾಕಿ ನಿಂತು, ಹೊಸದಾಗಿ ಸೇರಿದ್ದ ಒಬ್ಬ ಸದಸ್ಯನಿಗೆ ಪಾಠ ಹೇಳುತ್ತಿದ್ದರು. ಟ್ಯೂಬ್ ರೈಲು ಓಡಿಸುವ ನಡುವಯಸ್ಸಿನ ಮನುಷ್ಯ ಅವನು. ಪ್ರೆಸ್ಸಿನ ಹಿಡಿ ಎಳೆದೂ ಎಳೆದೂ ಭುಜ ನೋಯುತ್ತದೆ ಅಂದನಂತೆ. ಡೈ ಸ್ವಲ್ಪ ಮೇಲೆತ್ತಿಬಿಡು, ಹಿಡಿ ಹಗುರಾಗುತ್ತದೆ, ನಾನೂ ಹಾಗೇ ಮಾಡಿದ್ದೇನೆ, ಯಾರಿಗೂ ಗೊತ್ತಾಗುವುದಿಲ್ಲ ಅಂದರು ಇವರು. ಅವರ ಬಂದೂಕು ಹಳೆಯದು, ಅದರ ಗೂಡು ಸಡಿಲ, ಉಬ್ಬಿದ್ದನ್ನೂ ನುಂಗುತ್ತಿತ್ತು. ನನ್ನದು ಸ್ಪರ್ಧೆಗೆಂದು ಬಿಗಿಯಾಗಿ ಕೊರೆದ ನಳಿಗೆ. ಅವರ ತಪ್ಪು ನನ್ನ ಬಂದೂಕಿನಲ್ಲಿ ಬಂದು ಸಿಕ್ಕಿಕೊಂಡಿತ್ತು.

ಚಹಾ ತಣ್ಣಗಾಗುವ ತನಕ ನಾನು ಅಲ್ಲೇ ನಿಂತಿದ್ದೆ. ಖುಷಿಯಾಗಿತ್ತು ಅಂದರೆ ಸುಳ್ಳಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು, "ಅವನಿಗೊಂದು ಫೋನ್ ಮಾಡಿ ಹೇಳಿಬಿಡು. ತಪ್ಪಾಯ್ತು ಅಂತಾನೆ, ಮುಗಿದುಹೋಗುತ್ತೆ" ಅಂದರು.

"ನಾಕ ಮಂದಿ ಮುಂದ ಅಂದದ್ದನ್ನ ಫೋನಿನ್ಯಾಗ ತೀರಸೂದೇನರೀ?" ಅಂದೆ.

ಆಮೇಲೆ ಆ ವಿಷಯವನ್ನು ಅವರು ಎತ್ತಲಿಲ್ಲ. ನಾನು ಡೈಯನ್ನು ಸರಿಯಾದ ಜಾಗಕ್ಕಿಳಿಸಿ ಹೊಸ ಗೆರೆ ಎಳೆದೆ. ಷೆಡ್ಡಿಗೆ ಹೊಸ ಬೀಗ ಹಾಕಿದೆ. ಬೇಸಿಗೆಯಿಡೀ ಅಂಗಡಿಯ ತೋಟಾ ಹೊಡೆಯುತ್ತಾ ಬಾಯಿ ಮುಚ್ಚಿಕೊಂಡಿದ್ದೆ. ಕ್ಲಬ್ಬಿನಲ್ಲಿ ಎದುರಾದರೆ ಅವರು, "ಏನತ್ತಿಗೆ, ಅಡುಗೆ ಹೇಗಿದೆ?" ಅನ್ನುವರು. ನಾನು ನಗುವೆ. ಅಷ್ಟು ಚೆನ್ನಾಗಿ ನಗಲು ನನಗೆ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಆಗಸ್ಟಿನಲ್ಲಿ ಅವರು ಹೊಸ ಬಂದೂಕು ತಂದರು. ನನ್ನನ್ನೇ ಕರೆದು ತೋರಿಸಿದರು. ಈಗ ನಿಮ್ಮ ಥರದ್ದೇ ಬಿಗಿ ನಳಿಗೆ ಅಂತ ಹೆಮ್ಮೆಪಟ್ಟುಕೊಂಡರು. ಹೊಸ ನಳಿಗೆ ಪಳಗುವ ತನಕ ಅಂಗಡಿಯ ತೋಟಾ ಹೊಡೆಯುತ್ತಿದ್ದರಂತೆ. ಸೆಪ್ಟೆಂಬರಿನಲ್ಲಿ ಬೇರೆ ಕ್ಲಬ್ಬಿನವರೂ ಬರುವ ದೊಡ್ಡ ಸ್ಪರ್ಧೆಯಿತ್ತು. ಅದಕ್ಕೆ ಯಾವ ತೋಟಾ ಎಂದು ಕೇಳಿದೆ.

"ನಿಮ್ಮ ಷೆಡ್‌ನಲ್ಲಿ ಮಾಡಿದ್ನಲ್ಲ, ಅದೇ ಅತ್ತಿಗೆ. ದೊಡ್ಡ ಮ್ಯಾಚ್‌ಗೇ ಅಂತ ಎತ್ತಿಟ್ಟಿದೀನಿ."

ಹೇಳಬೇಕೆಂದಿದ್ದರೆ ಆಗ ಹೇಳಬಹುದಿತ್ತು. "ಛಲೋ ಆತು" ಅಂದೆ.

ಒಂದು ವಿಷಯವನ್ನು ಮಾತ್ರ ಖಚಿತ ಮಾಡಿಕೊಂಡೆ. ಅವರ ಹೊಸದೂ ನನ್ನದೂ ಒಂದೇ ಬಗೆಯ ಬಂದೂಕು. ಖಾಲಿ ಬಂದೂಕಿನ ಹಿಡಿಯನ್ನು ಅರ್ಧಕ್ಕೆ ತಡೆದು ಕುದುರೆ ಒತ್ತಿ ನೋಡಿದೆ, ತಯಾರಕರ ಪುಸ್ತಕವನ್ನೂ ಓದಿದೆ. ಪೂರ್ತಿ ಮುಚ್ಚದೆ ಅದು ಸಿಡಿಯುವುದಿಲ್ಲ. ತೋಟಾ ಒಳಗೆ ಕೂರದಿದ್ದರೆ ಸಿಕ್ಕಿಕೊಳ್ಳುತ್ತದೆ, ಬೇರೇನೂ ಆಗುವುದಿಲ್ಲ. ನನಗೆ ಬೇಕಿದ್ದದ್ದು ಅವರ ಮುಖ, ಬೆರಳುಗಳಲ್ಲ. ಇನ್ನು, ಗೂಡಿಗೆ ತೋಟಾ ಬೀಳಬಿಟ್ಟು ನೋಡುವ ಪರೀಕ್ಷೆಯನ್ನು ಸ್ಪರ್ಧೆಗೆ ಮುಂಚೆ ಯಾವ ಹೊಸಬನೂ ಮಾಡುತ್ತಾನೆ. ಅವರೂ ಮಾಡಬಹುದಿತ್ತು. ಮಾಡಲಿಕ್ಕಿಲ್ಲ ಎಂಬ ನಂಬಿಕೆ ನನಗಿತ್ತು.

ಸ್ಪರ್ಧೆಯ ಬೆಳಿಗ್ಗೆ ಸಾಲು ನೋಡಿಕೊಳ್ಳುವ ಅಧಿಕಾರಿಯಾಗಿ ನಿಲ್ಲುತ್ತೇನೆಂದು ನಾನೇ ಕೇಳಿ ಹೆಸರು ಕೊಟ್ಟಿದ್ದೆ. ಅದಕ್ಕೆ ಬೇಕಾದ ತರಬೇತಿ ನನಗಾಗಿತ್ತು. ತಿಳಿ ಬಿಸಿಲಿತ್ತು, ಗಾಳಿ ಇರಲಿಲ್ಲ. ನಾನು ಆರಂಭದ ಆಜ್ಞೆ ಕೊಟ್ಟೆ. ಸಾಲಿನ ಎಡದಿಂದ ಬಲದವರೆಗೆ ಗುಂಡುಗಳು ಸಿಡಿದವು. ಮಧ್ಯದಲ್ಲಿ ಒಂದು ಜಾಗ ಮಾತ್ರ ಸಿಡಿಯಲಿಲ್ಲ.

ಮೂಳೆ ಡಾಕ್ಟರ್ ಹಿಡಿ ಎಳೆದರು. ಬರಲಿಲ್ಲ. ಅಂಗೈಯಿಂದ ಮುಂದಕ್ಕೆ ಗುದ್ದಿದರು. ಹೋಗಲಿಲ್ಲ. ಕೈ ಎತ್ತಬೇಕಿತ್ತು, ಎತ್ತಲಿಲ್ಲ. ಕತ್ತು ಕೆಂಪಾಗುವುದು ನನಗೆ ಹಿಂದಿನಿಂದ ಕಾಣಿಸುತ್ತಿತ್ತು. ಎರಡನೇ ಸಲ ಗುದ್ದಿದಾಗ ನಾನು ಗುಂಡು ನಿಲ್ಲಿಸಲು ಕೂಗಿದೆ. ಇಡೀ ಸಾಲು ಬಂದೂಕು ಕೆಳಗಿಟ್ಟು ಅವರ ಕಡೆ ತಿರುಗಿತು. ನಾನು ಅವಸರವಿಲ್ಲದೆ ನಡೆದು ಹೋದೆ.

"ಅತ್ತಿಗೆ, ಬೇಗ ತೆಗೆದುಬಿಡಿ. ಎಲ್ಲ ನೋಡ್ತಿದಾರೆ" ಎಂದು ತಗ್ಗಿದ ದನಿಯಲ್ಲಿ ಹೇಳಿದರು.

ಬಂದೂಕು ಬಿಟ್ಟು ಹಿಂದೆ ಸರಿಯಿರಿ ಎಂದು ನಾನು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸರಿದರು. ನಳಿಗೆ ಗುರಿಯ ಕಡೆಗೇ ಇಟ್ಟು, ಹಿಡಿಯನ್ನು ನಿಧಾನಕ್ಕೆ ಮೀಟಿ ತೋಟಾ ಹೊರತೆಗೆದೆ. ಬಂದೂಕು ಖಾಲಿಯಾಗಿದೆ ಎಂದು ತೋರಿಸಿ, ಅವರ ಡಬ್ಬಿಯನ್ನು ಕೈಗೆತ್ತಿಕೊಂಡೆ. ಆ ಸುತ್ತು ಅಲ್ಲಿಗೇ ಅವರ ಪಾಲಿಗೆ ಮುಗಿಯಿತು.

ಕ್ಲಬ್ಬಿನ ಅಧ್ಯಕ್ಷೆ ನಿವೃತ್ತ ಗಣಿತದ ಟೀಚರ್, ಹೆಚ್ಚು ಮಾತಾಡದ ಇಂಗ್ಲಿಷ್ ಹೆಂಗಸು. ಸುತ್ತು ಮುಗಿದ ಮೇಲೆ ಚಹಾದ ಗುಡಿಸಿಲಲ್ಲಿ ಎಲ್ಲರ ಮುಂದೆ ಏನಾಯಿತೆಂದು ಕೇಳಿದರು. ನಾನು ಜೇಬಿನಿಂದ ಮಾರ್ಕರ್ ತೆಗೆದು, ಮೂಳೆ ಡಾಕ್ಟರ್ ಡಬ್ಬಿಯ ಒಂದು ತೋಟಾಕ್ಕೆ ಬಣ್ಣ ಬಳಿದು, ಅವರದೇ ನಳಿಗೆಗೆ ಹಾಕಿ ತಿರುವಿ ಮೇಜಿನ ಮೇಲೆ ನಿಲ್ಲಿಸಿದೆ. ಬುಡದಲ್ಲಿ ಹಿತ್ತಾಳೆಯ ಸುತ್ತು ಹೊಳೆಯಿತು. ಡೈ ಮೇಲೆತ್ತಿ ಮಾಡಿದ ತೋಟಾ ಇದು, ಮಾರ್ಚಿನಲ್ಲಿ ನನ್ನ ಬಂದೂಕಿನಲ್ಲಿ ಸಿಕ್ಕಿಕೊಂಡದ್ದಕ್ಕೂ ಇದೇ ಕಾರಣ ಎಂದು ವಿವರಿಸಿದೆ.

ಆಗಲಾದರೂ ಅವರು ಸುಮ್ಮನಿರಬಹುದಿತ್ತು. "ಇದು ಅವರ ಪ್ರೆಸ್ಸಿನಲ್ಲೇ ಮಾಡಿದ್ದು" ಅಂದರು, ನನ್ನ ಕಡೆ ಬೆರಳು ಮಾಡಿ.

ಹೌದು, ನನ್ನ ಪ್ರೆಸ್ಸಿನಲ್ಲೇ, ಆದರೆ ಡೈ ತಿರುಗಿಸಿದವರು ಯಾರು ಎಂದು ಕೇಳಿದೆ. ತಾನು ಮುಟ್ಟೇ ಇಲ್ಲ ಅಂದರು. ಆಗ ಮೂಲೆಯಲ್ಲಿ ಕೂತಿದ್ದ ರೈಲು ಓಡಿಸುವವನು ಕಪ್ಪು ಕೆಳಗಿಟ್ಟು, ಹಿಡಿ ಹಗುರಾಗಲು ಹಾಗೆ ಮಾಡಬೇಕೆಂದು ನೀವೇ ತಾನೆ ನನಗೆ ಹೇಳಿಕೊಟ್ಟಿದ್ದು ಅಂದ. ಅವನಲ್ಲಿ ಹಗೆಯೇನೂ ಇರಲಿಲ್ಲ, ನಿಜವಾಗಿಯೂ ಗೊಂದಲವಾಗಿತ್ತು ಅವನಿಗೆ.

ಮೂಳೆ ಡಾಕ್ಟರ್ ಮೇಜಿನ ಮೇಲಿದ್ದ ತೋಟಾವನ್ನೇ ನೋಡುತ್ತಿದ್ದರು. ನಾನು ಅವರ ಹತ್ತಿರ ಹೋಗಿ, ನನ್ನ ಮನೆಯ ಮಾತಿನಲ್ಲೇ, ಒಂದೊಂದು ಅಕ್ಷರ ಬಿಡಿಸಿ ಹೇಳಿದೆ.

"ಡಾಕ್ಟರ್ ಸಾಹೇಬ್ರ, ನಿಮ್ಮ ಕೈಯಾಗ ಎಲುಬು ಕೂಡಿಸ್ಕೊಂಡವರನ್ನ ನೆನಸಿದ್ರ ನನಗ ನಿದ್ದಿ ಬರೂದಿಲ್ಲರೀ."

ಅಧ್ಯಕ್ಷೆ ನಾನೇನು ಹೇಳಿದೆನೆಂದು ಕೇಳಿದರು. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಯಾರಾದರೂ ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಅಧ್ಯಕ್ಷೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿ, ಈ ತೋಟಾ ಹೀಗಿದೆಯೆಂದು ನಿಮಗೆ ಇವತ್ತೇ ತಿಳಿದದ್ದೇ ಎಂದು ಕೇಳಿದರು. ಅಲ್ಲ, ಮೇ ತಿಂಗಳಿಂದ ಗೊತ್ತಿತ್ತು, ಇದನ್ನೇ ಇವತ್ತು ತರುತ್ತಾರೆಂದು ಆಗಸ್ಟಿನಿಂದ ಗೊತ್ತಿತ್ತು, ಅಪಾಯವಿಲ್ಲವೆಂದೂ ಪರೀಕ್ಷಿಸಿ ನೋಡಿದ್ದೆ ಅಂದೆ. ಅವರು ಮತ್ತೇನೂ ಕೇಳದೆ ಎದ್ದು ಮುಂದಿನ ಸುತ್ತಿಗೆ ಜನರನ್ನು ಕರೆದರು.

ಸಮಿತಿ ನನ್ನ ಮೇಲಿನ ಷರತ್ತು ತೆಗೆಯಿತು. ಗುಂಡು ನೋಡಿಕೊಳ್ಳುವ ಕೆಲಸವನ್ನು ಮೂಳೆ ಡಾಕ್ಟರ್ ಕೈಯಿಂದ ತೆಗೆದು ಬೇರೆಯವರಿಗೆ ಕೊಟ್ಟಿತು. ಮುಂದಿನ ಸ್ಪರ್ಧೆಗಳಲ್ಲಿ ಅಧಿಕಾರಿಯಾಗಿ ನಿಲ್ಲಲು ನನ್ನನ್ನೂ ಕರೆಯುವುದಿಲ್ಲವೆಂದು ಅಧ್ಯಕ್ಷೆ ಸೌಜನ್ಯದಿಂದಲೇ ತಿಳಿಸಿದರು. ನನಗೆ ಅದರಿಂದ ಬೇಸರವಾಗಲಿಲ್ಲ, ನಿಲ್ಲಬೇಕಾದ ದಿನ ನಿಂತಾಗಿತ್ತು. ಮೂಳೆ ಡಾಕ್ಟರ್ ಕೆಲವು ವಾರ ಬಂದು, ಆಮೇಲೆ ನದಿಯಾಚೆಯ ಇನ್ನೊಂದು ಕ್ಲಬ್ಬಿಗೆ ಹೋದರಂತೆ. ಕನ್ನಡದವರು ಸೇರುವ ಊಟಗಳಿಗೆ ಬರುತ್ತಾರೆ, ನಾನಿದ್ದ ಮೇಜಿಗೆ ಬರುವುದಿಲ್ಲ.

ಸ್ಪರ್ಧೆಯ ದಿನ ಮನೆಗೆ ಬಂದು ಎಲ್ಲವನ್ನೂ ಹೇಳಿದಾಗ ನನ್ನ ಗಂಡ ಟಿವಿ ಆರಿಸಿ ಕೇಳಿಸಿಕೊಂಡರು.

"ನಿಂಗೆ ಸಮಾಧಾನ ಆಯ್ತಾ?" ಅಂದರು.

"ಆತು" ಅಂದೆ.

ಅವರು ನನ್ನಿಂದ ಬೇರೆ ಮಾತು ನಿರೀಕ್ಷಿಸಿದ್ದರು ಅಂತ ಕಾಣುತ್ತದೆ. ಎದ್ದು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯತೊಡಗಿದರು. ಮಗಳು ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಆವತ್ತು ಹಾಲ್‌ನಲ್ಲಿ ನಕ್ಕದ್ದಕ್ಕೆ ಸಾರಿ ಅಂದಳು, ಇಂಗ್ಲಿಷಿನಲ್ಲಿ. ಆಮೇಲೆ, ಅಮ್ಮಾ ನಿನ್ನನ್ನ ಕಂಡರೆ ಸ್ವಲ್ಪ ಭಯವಾಗುತ್ತೆ ಅಂದಳು. ಅವಳ ತಲೆ ಸವರಿದೆ. ಅಲ್ಲ ಅನ್ನಲಿಲ್ಲ.

ಈಗ ತಿಂಗಳಿಗೊಂದು ಭಾನುವಾರ ನನ್ನ ಗಂಡ ಒಬ್ಬರೇ ಟ್ಯೂಬ್ ಹತ್ತಿ ಲೈನಿನ ಕೊನೆಯ ತನಕ, ಎಜ್‌ವೇರ್‌ಗೆ ಹೋಗುತ್ತಾರೆ. ಗೆಳೆಯನ ಮನೆಯಲ್ಲಿ ಊಟ ಮಾಡಿ ಸಂಜೆಗೆ ಬರುತ್ತಾರೆ. ಅಲ್ಲಿ ಏನು ಮಾತಾಯಿತೆಂದು ಅವರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಹೋದ ಸಲ ಗೆಳೆಯನ ಹೆಂಡತಿ ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು ಕಳಿಸಿದ್ದಳು, ನಿನಗಂತೆ ಎಂದರು ನನ್ನ ಗಂಡ. ಡಬ್ಬಿ ತೊಳೆದು, ಅದರಲ್ಲಿ ನಮ್ಮ ಕಡೆಯ ಕಡಲೆಬೀಜದ ಪುಡಿ, ಶೇಂಗಾ ಹಿಂಡಿ, ತುಂಬಿ ವಾಪಸು ಕಳಿಸಿದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಗಂಡ ಅದನ್ನು ಅನ್ನಕ್ಕೆ ಕಲಸಿಕೊಂಡು ತಿನ್ನುವಾಗ ಯಾರ ಕೈಯದೆಂದು ಅವರಿಗೆ ಗೊತ್ತಿರಲಿ ಅಂತಲೇ, ಖಾರ ಒಂದು ಹಿಡಿ ಜಾಸ್ತಿ ಹಾಕಿದ್ದೆ.